ಹಳೇ ಸಾಗವಾನಿ ಮಂಚ, ಬೆತ್ತದ ಕುರ್ಚಿ, ಕಬ್ಬಿಣದ ಕಾಟು: ಹಿತ್ತಲದಾಗ ಕೂಡಾಕ ಬೆಂಚ್ ಮಾಡಬೇಕು, ಎರಿ ಮಣ್ಣಿನ ಜಾಗಾ

ಹಿತ್ತಲಬಾಗ್ಲ (ಹುಬ್ಬಳ್ಳಿ)

ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗಿನ ಹಳೇ ಸಾಮಾನು ಮೋಡಕಾಕ್ಕ ಹಾಕೂದು ಬಿಟ್ಟು ಹಿತ್ತಲದಾಗ ಕೂಡಾಕ ಉಪಯೋಗ ಮಾಡಬೇಕಂತ ಐತಿ. ಇರೂ ಸಾಮಾನು ಇವು:

ಒಂದು ಸಾಗವಾನಿ ಮಂಚ, ನಾಕು ಅಡಿ ಅಗಲ, ಆರೂಕಾಲು ಅಡಿ ಉದ್ದ. ತಲಿ ಕಡೆ ಹಲಗಿ 3 ಅಡಿ ಎತ್ತರ, ಕಾಲ ಕಡೆದು 2 ಅಡಿ ಎತ್ತರ. ನಡುವ ಅಡ್ಡ ಹಾಸಿದ ಹಲಗಿ ಹತ್ತು ಅದಾವ. ಎರಡು ಬೆತ್ತದ ಕುರ್ಚಿ, ಬೆತ್ತ ಹರದೈತಿ, ಮ್ಯಾಲೆ ದಪ್ಪಗ ಹಸರು ಆಯಿಲ್ ಪೇಂಟ್. ಒಂದು ಕಬ್ಬಿಣದ ಪೈಪಿನ ಕಾಟು, ಪಟ್ಟಿ ಇರೂದು, ತುಕ್ಕು ಹಿಡದೈತಿ. ಒಂದು ಸನ್‌ಮೈಕಾ ಹಚ್ಚಿದ ಆಫೀಸ್ ಟೇಬಲ್, ಕಾಲು ಕಬ್ಬಿಣದ್ದು.

ಜಾಗಾ 15 x 20 ಅಡಿ, ಪೂರಾ ಎರಿ ಮಣ್ಣು. ಮೂಲ್ಯಾಗ ಒಂದು ಬೇವಿನ ಗಿಡ. ಮಧ್ಯಾಹ್ನದ ಮ್ಯಾಲೆ ಬಿಸಲು ಚೊಲೋ ಬೀಳತೈತಿ. ಕಂಪೌಂಡ್ ಗ್ವಾಡಿಗೆ ವರಲಿ (ಗೆದ್ದಲು) ಕಾಟ ಐತಿ.

ಪಾಲಿಶ್ ಅಂಗಡಿಯವರು ಫ್ರೆಂಚ್ ಪಾಲಿಶ್ ಹೊಡದು ಮ್ಯಾಲೆ ಮೆಲಮೈನ್ ಎರಡು ಕೈ ಹಾಕಿದ್ರ ಸಾಕು ಅಂತಾರ. ಗೌಂಡಿ ನಾಕೂ ಕಾಲು ಕಾಂಕ್ರೀಟಿನಾಗ ಹುಗದುಬಿಡ್ರಿ ಅಂತಾರ. ಎರಡೂ ಖರೇನ? ಯಾವುದು ಹೊರಗ ಬಾಳತೈತಿ, ಯಾವುದನ್ನ ಬಿಡಬೇಕು, ಬೆಂಚ್ ಹೆಂಗ ಕಟ್ಟಬೇಕು, ಅಳತಿ ಸಮೇತ ಹೇಳ್ರಿ.

ಉಳಿ_ಕೊಡತಿ (ಧಾರವಾಡ)

ಎರಡೂ ಖರೆ ಅಲ್ಲ. ಪಾಲಿಶ್ ವಿಷಯ ಬಲ್ಲವರು ಬೇರೆ ಇದ್ದಾರೆ, ಅವರು ಹೇಳುತ್ತಾರೆ. ನಾನು ಕಟ್ಟಿಗೆ ಕೆಲಸವಷ್ಟೇ ಬರೆಯುತ್ತೇನೆ.

ಮನೆಯೊಳಗಿನ ಸಾಮಾನಿಗೆ ಮಳೆಯ ಲೆಕ್ಕವೇ ಇರುವುದಿಲ್ಲ. ಅದರ ಕೂಡುಗಳು (ತುಂಡು ತುಂಡು ಸೇರುವ ಜಾಗ), ಗೀರು, ಕೆತ್ತನೆ ಎಲ್ಲವೂ ನೀರು ನಿಲ್ಲುವ ಜಾಗಗಳು. ಹಾಗಾಗಿ ಮಂಚವನ್ನು ಮಂಚವಾಗಿಯೇ ಎತ್ತಿ ಹೊರಗಿಟ್ಟರೆ ಸಾಗವಾನಿಯಾದರೂ ಕೂಡುಗಳಲ್ಲಿ ಕೊಳೆಯುತ್ತದೆ. ಬಿಚ್ಚಿ, ನೀರು ಬಿದ್ದಲ್ಲಿಂದ ಇಳಿದು ಹೋಗುವಂತೆ ಮತ್ತೆ ಕಟ್ಟಬೇಕು. ಇಡೀ ಕೆಲಸ ಇಷ್ಟೇ.

ಮೊದಲು ಕಟ್ಟಿಗೆ ಪರೀಕ್ಷೆ. ಸಾಗವಾನಿ ಅಂದರೆ ಎಲ್ಲವೂ ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಅಲ್ಲ. ಅಡಿಭಾಗದಲ್ಲಿ, ಒಳಮೈಯಲ್ಲಿ ಬಡಿಗೇರರು ಬಿಳಿ ಕಟ್ಟಿಗೆ ಸೇರಿಸಿರುವುದು ಸಾಮಾನ್ಯ. ಹಲಗೆಯ ಒಂದು ಅಂಚು ರಂದಾ ಹೊಡೆದು ನೋಡಿ: ಜೇನುಬಣ್ಣದಿಂದ ಕಂದು ಇದ್ದರೆ ಚೇಗು, ಮಾಸಲು ಬಿಳಿ ಇದ್ದರೆ ಅದನ್ನು ಕೊಯ್ದು ತೆಗೆಯಿರಿ. ಬಿಳಿ ಭಾಗಕ್ಕೆ ಹುಳವೂ ಬರುತ್ತದೆ, ಕೊಳೆಯೂ ಬರುತ್ತದೆ, ಯಾವ ಎಣ್ಣೆ ಹಚ್ಚಿದರೂ ಅದು ಚೇಗಿನಷ್ಟು ಬಾಳುವುದಿಲ್ಲ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡು ಪೂರಾ ಬಿಡಿ.

ಇನ್ನು ಕಟ್ಟುವುದು. ನಿಮ್ಮ ಮಂಚದ ಅಳತೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ತಲೆ ಕಡೆಯ ಹಲಗೆ ಹಾಗೇ ಬೆನ್ನಾಗುತ್ತದೆ. ಕಾಲ ಕಡೆಯದನ್ನು ನಟ್ಟನಡುವೆ ಕೊಯ್ದರೆ ಒಂದೊಂದು ಕಂಬವಿರುವ ಎರಡು ಭಾಗ, ತಲಾ 61 ಸೆಂ.ಮೀ. ಇವು ಎಡಬಲದ ಪಕ್ಕಗಳು. ಕಂಬ ಮುಂದೆ ಬರಲಿ, ಕೊಯ್ದ ಕಡೆ ಹಿಂದಕ್ಕೆ. ಕಂಬ ಸೇರಿ 45 ಸೆಂ.ಮೀ. ಇಟ್ಟುಕೊಂಡು ಮಿಕ್ಕದ್ದನ್ನು ಕೊಯ್ದು ಹಾಕಿ. ಮಂಚದ ಎರಡು ಉದ್ದಪಟ್ಟಿಗಳಲ್ಲಿ ಒಂದರಿಂದ ಮುಂದಿನ ಅಡ್ಡಪಟ್ಟಿ, ಇನ್ನೊಂದರಿಂದ ಹಿಂದಿನದು. ಉಳಿಯುವ ತುಂಡುಗಳಿಂದ ನಡುವಿನ ಆಧಾರ ಪಟ್ಟಿಗಳು. ಹಾಸಿನ ಹತ್ತು ಹಲಗೆಗಳಲ್ಲಿ ಆರು ಕೂಡುವ ಮೇಲ್ಮೈಗೆ, ಎರಡು ಕೈ ಇಡುವುದಕ್ಕೆ, ಎರಡು ಹೆಚ್ಚಿಗೆ ಇರುತ್ತವೆ.

ಕೂಡುವ ಎತ್ತರ ನೆಲದಿಂದ 43 ಸೆಂ.ಮೀ. ವಯಸ್ಸಾದವರು ಕೂಡುವುದಾದರೆ 46. ಹಲಗೆಗಳನ್ನು 65 ಮಿ.ಮೀ. ಅಗಲಕ್ಕೆ ಕೊಯ್ದು ನಡುನಡುವೆ 8 ಮಿ.ಮೀ. ಸಂದು ಬಿಡಿ. ಆರು ಪಟ್ಟಿ, ಐದು ಸಂದು, ಒಟ್ಟು 430 ಮಿ.ಮೀ. ಆಯಿತು. ಹಿಂದೆ ಬೆನ್ನಿಗೆ ತಾಗುವಲ್ಲೂ ಸಂದು ಬೇಕೇ ಬೇಕು, ಬಹಳ ಜನ ಇದನ್ನೇ ಬಿಡುತ್ತಾರೆ. ಕೂಡುವ ಮೇಲ್ಮೈ ಹಿಂದಕ್ಕೆ ವಾಲಿರುವುದರಿಂದ ಕಸ, ಬೇವಿನ ಎಲೆ, ನೀರು ಎಲ್ಲ ಅಲ್ಲಿಗೇ ಬಂದು ಸೇರುತ್ತದೆ.

ಮಂಚದ ತಲೆಹಲಗೆ ನೆಟ್ಟಗಿರುತ್ತದೆ, ಅದಕ್ಕೆ ಒರಗಿ ಹತ್ತು ನಿಮಿಷ ಕೂಡುವುದೂ ಕಷ್ಟ. ಹಿಂದಿನ ಎರಡು ಕಾಲುಗಳನ್ನು ಮುಂದಿನವಕ್ಕಿಂತ 20 ಮಿ.ಮೀ. ಗಿಡ್ಡ ಮಾಡಿದರೆ ಬೆನ್ನೂ ಹಿಂದೆ ಒರಗುತ್ತದೆ, ಕೂಡುವ ಹಲಗೆಯೂ ವಾಲುತ್ತದೆ. ಅದಕ್ಕಿಂತ ಹೆಚ್ಚು ಗಿಡ್ಡ ಮಾಡಬೇಡಿ, ಯಾರಾದರೂ ಜೋರಾಗಿ ಒರಗಿದರೆ ಬೆಂಚು ಹಿಂದಕ್ಕೆ ಮಗುಚುತ್ತದೆ.

ಕೂಡು. ಎಲ್ಲರೂ ಸೋಲುವುದು ಇಲ್ಲೇ. ಪಕ್ಕದ ಭಾಗದ ಕೊಯ್ದ ತುದಿಯನ್ನು ಹಿಂದಿನ ಕಂಬಕ್ಕೆ ಉದ್ದ ಸ್ಕ್ರೂ ಹೊಡೆದು ಕೂಡಿಸಿದರೆ ಅದು ನಿಲ್ಲುವುದಿಲ್ಲ. ಎಳೆಯ ಉದ್ದಕ್ಕೆ ಹೋದ ಸ್ಕ್ರೂಗೆ ಹಿಡಿತವೇ ಇಲ್ಲ. ಹಳೆಯ ಮಂಚದ ಬೋಲ್ಟಿನ ಪದ್ಧತಿ ಹಿಡಿಯಿರಿ: ಕಂಬದ ಹಿಂದಿನಿಂದ 8.5 ಮಿ.ಮೀ. ತೂತು, ಅದು ಪಟ್ಟಿಯ ತುದಿಯೊಳಗೂ ಹೋಗಬೇಕು. ಪಟ್ಟಿಯ ಒಳಮೈಯಲ್ಲಿ ತುದಿಯಿಂದ 50 ಮಿ.ಮೀ. ದೂರದಲ್ಲಿ ಉಳಿಯಿಂದ ಒಂದು ಗೂಡು ಕೆತ್ತಿ, ಅದರೊಳಗೆ ವಾಷರ್ ಮತ್ತು ನಟ್. ಕಂಬ 60 ಮಿ.ಮೀ. ದಪ್ಪವಿದ್ದರೆ 8 x 125 ಮಿ.ಮೀ. ಬೋಲ್ಟು ಸರಿ. ಒಂದೊಂದು ಪಕ್ಕಕ್ಕೆ ಮೇಲೆ ಕೆಳಗೆ ಎರಡು, ಮುಂದಿನ ಮತ್ತು ಹಿಂದಿನ ಅಡ್ಡಪಟ್ಟಿಗಳಿಗೆ ತುದಿಗೊಂದು. ಒಟ್ಟು ಎಂಟು ಬೋಲ್ಟು. ಅಡ್ಡಪಟ್ಟಿ ತಿರುಗದಂತೆ ಬೋಲ್ಟಿನ ಪಕ್ಕದಲ್ಲಿ 10 ಮಿ.ಮೀ. ಕಟ್ಟಿಗೆ ಗೂಟ ಒಂದೊಂದು. ಹಿಂದಿನ ಕಂಬದಲ್ಲಿ ಎರಡು ದಿಕ್ಕಿನಿಂದ ಬೋಲ್ಟು ಬರುತ್ತವೆ, ಅವುಗಳ ನಡುವೆ ಕನಿಷ್ಠ 25 ಮಿ.ಮೀ. ಎತ್ತರದ ಅಂತರವಿರಲಿ. ಇಲ್ಲವಾದರೆ ಡ್ರಿಲ್ಲಿನ ಮೊನೆ ಬೋಲ್ಟಿಗೆ ಹೋಗಿ ಬಡಿಯುತ್ತದೆ.

ಪಟ್ಟಿ ಕೂರಿಸಲು 304 ಗ್ರೇಡಿನ ಸ್ಟೇನ್‌ಲೆಸ್ ಸ್ಕ್ರೂ, 8 ನಂಬರ್, 40 ಮಿ.ಮೀ. ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಸಾಗವಾನಿಯ ಒಗರಿನ ಜೊತೆ ಸೇರಿ ಮೊದಲ ಮಳೆಗೇ ಕಪ್ಪು ಕಲೆ ಇಳಿಯುತ್ತದೆ. ಪಟ್ಟಿಗೆ 4.5 ಮಿ.ಮೀ. ತೂತು, ಕೆಳಗಿನ ಆಧಾರಕ್ಕೆ 3 ಮಿ.ಮೀ. ತೂತು ಮೊದಲೇ ಹೊಡೆಯಿರಿ. ಒಣಗಿದ ಹಳೇ ಸಾಗವಾನಿ ತೂತಿಲ್ಲದೆ ಸ್ಕ್ರೂ ಹೊಡೆದರೆ ಸೀಳುತ್ತದೆ, ಸ್ಟೇನ್‌ಲೆಸ್ ಸ್ಕ್ರೂ ಮೆತ್ತಗಿರುವುದರಿಂದ ತಲೆಯೂ ಮುರಿಯುತ್ತದೆ. ಪಟ್ಟಿ 20 ಮಿ.ಮೀ. ದಪ್ಪವಿದ್ದರೆ ನಡುವೆ ಒಂದು ಆಧಾರ ಸಾಕು: ಆರು ಪಟ್ಟಿ, ಮೂರು ಜಾಗ, ಎರಡೆರಡು ಸ್ಕ್ರೂ, ಒಟ್ಟು 36. ಪಟ್ಟಿ ಅದಕ್ಕಿಂತ ತೆಳುವಿದ್ದರೆ ಎರಡು ಆಧಾರ, 48 ಸ್ಕ್ರೂ.

ಅಂಟು: ಹಳೇ ಮಂಚಕ್ಕೆ ಹಾಕಿದ್ದು ಸರೇಸು, ನೀರು ಕಂಡರೆ ಕರಗುತ್ತದೆ. ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಪೂರಾ ಕೆರೆದು ತೆಗೆಯಿರಿ, ಅದರ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಬಿಳಿ ಫೆವಿಕಾಲ್ ಎಸ್‌ಎಚ್ ಹೊರಗಿನ ಕೆಲಸಕ್ಕಲ್ಲ, ನೀರು ತಡೆಯುವ ಮರೀನ್ ತೆಗೆದುಕೊಳ್ಳಿ. ಸಾಗವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಹಚ್ಚಿ. ಬಿಚ್ಚದೆ ಉಳಿಸಿದ ಹಳೇ ಕೂಡುಗಳಿಗೆ 6 ಮಿ.ಮೀ. ಬಿದಿರು ಮೊಳೆ ಅಡ್ಡ ಹೊಡೆಯಿರಿ. ಅಂಟು ಬಿಟ್ಟರೂ ಕೂಡು ಬಿಡುವುದಿಲ್ಲ.

ತಲೆಹಲಗೆ ಚೌಕಟ್ಟಿನ ಗೀರಿನಲ್ಲಿ ತೆಳು ಹಲಗೆ ಕೂತಿರುವಂಥದ್ದಾದರೆ ಕೆಳಗಿನ ಗೀರಿಗೆ ಅಡಿಯಿಂದ 15 ಸೆಂ.ಮೀ.ಗೊಂದು 6 ಮಿ.ಮೀ. ತೂತು ಕೊರೆಯಿರಿ. ಇಲ್ಲದಿದ್ದರೆ ಆ ಗೀರು ಸಣ್ಣ ಕಾಲುವೆಯಾಗುತ್ತದೆ. ಆ ತೆಳು ಹಲಗೆ ಪ್ಲೈವುಡ್ ಆಗಿದ್ದರೆ ಕಿತ್ತು ಹಾಕಿ ಪಟ್ಟಿ ಕೂರಿಸಿ.

ಗರಸು_ಖಡಿ (ನವಲಗುಂದ ರಸ್ತೆ)

ಕಾಂಕ್ರೀಟಿನಾಗ ಕಾಲ ಹುಗಿಯೂದು ಬ್ಯಾಡೇ ಬ್ಯಾಡ್ರಿ. ಎರಿ ಮಣ್ಣು ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಿ ಬಿಡತೈತಿ. ನಾಕು ಕಾಲಿಗೆ ನಾಕು ಗುಂಡಿ ತಗದು ಕಾಂಕ್ರೀಟ್ ಹಾಕಿದ್ರ ನಾಕೂ ಬ್ಯಾರೆ ಬ್ಯಾರೆ ಏರತಾವ, ಇಳಿತಾವ. ಅದರಾಗ ಬೇವಿನ ಗಿಡದ ಕಡೆ ಬೇರು ನೀರು ಹೀರೂದ್ರಿಂದ ಆ ಮೂಲಿ ಜಾಸ್ತಿ ಕುಂದತೈತಿ. ಒಂದು ವರ್ಷದಾಗ ಬೆಂಚಿನ ಕೂಡು ಕಿತ್ತು ಬರತೈತಿ, ಬೈಗುಳ ಬಡಿಗೇರಗ. ಅದೂ ಅಲ್ಲದ ಕಾಂಕ್ರೀಟಿನೊಳಗಿನ ಕಟಗಿ ಸುತ್ತ ನೀರು ನಿಂತು ಮೊದಲ ಕೊಳಿಯೂ ಜಾಗಾ ಅದ.

ಹಿಂಗ ಮಾಡ್ರಿ. 5 x 4 ಅಡಿ ಜಾಗಾ, 1 ಅಡಿ ಆಳ ಅಗೀರಿ. ತಳಕ್ಕ ಗರಸು ಅರ್ಧ ಅಡಿ. ಒಮ್ಮೆಲೇ ಹಾಕಬ್ಯಾಡ್ರಿ, ಎರಡು ಥರ ಮಾಡಿ ನೀರು ಚಿಮುಕಿಸಿ ಧಮ್ಮಸ್ ಹೊಡೀರಿ. ಅದರ ಮ್ಯಾಲೆ 20 ಎಂಎಂ ಖಡಿ 4 ಇಂಚು. ಆಮ್ಯಾಲೆ ಒಂದು ಇಂಚು ದಪ್ಪ ಉಸುಕು, ಅದರ ಮ್ಯಾಲೆ ಶಹಾಬಾದ ಫರಸಿ, ಒಂದೂವರೆ ಇಂಚಿಗಿಂತ ಕಡಿಮಿ ದಪ್ಪದ್ದು ಬ್ಯಾಡ. ಲೆಕ್ಕ: ಗರಸು ಹೊಡದ ಮ್ಯಾಲೆ 10 ಘನ ಅಡಿ ಬೇಕು, ಸಡ್ಲ ಇದ್ದಾಗ 13 ತರಸ್ರಿ. ಖಡಿ 7, ಉಸುಕು 2. ಫರಸಿ ಸಂದಿಗೆ ಸಿಮೆಂಟ್ ತುಂಬಬ್ಯಾಡ್ರಿ, ಅರ್ಧ ಇಂಚು ಬಿಟ್ಟು ಉಸುಕು ತುಂಬ್ರಿ. ಮಣ್ಣು ಸ್ವಲ್ಪ ಅಲಗ್ಯಾಡಿದ್ರೂ ಒಂದು ಕಲ್ಲು ಎತ್ತಿ ಉಸುಕು ಸರಿ ಮಾಡಿ ಕುಂಡ್ರಿಸಿದ್ರಾತು. ಸಿಮೆಂಟ್ ಹಾಕಿದ್ರ ಬಿರಿತೈತಿ, ಪೂರಾ ಒಡೀಬೇಕು. ನಾಕು ಅಡಿಗೆ ಒಂದು ಇಂಚು ಇಳಿಜಾರು ಕೊಡ್ರಿ, ಗ್ವಾಡಿ ಕಡೆ ಅಲ್ಲ, ಆಚಿ ಕಡೆ. ಬೆಂಚಿನ ಉದ್ದದ ಕಡೆ ಇಳಿಜಾರು ಬಂದ್ರ ಕಾಲಿನ ಕೆಳಗ ಕಲ್ಲಿನ ಚಕ್ಕಿ ಕೊಟ್ಟು ಸಮ ಮಾಡ್ಕೋಬೇಕಾಗತೈತಿ, ನೆನಪಿರ್ಲಿ.

ವರಲಿ. ಔಷಧ ಹೊಡೀಬೇಕಾ ಅಂತ ಎಲ್ಲಾರೂ ಕೇಳತಾರ. ಒಂದು ಬೆಂಚಿಗೆ ಬ್ಯಾಡ್ರಿ. ವರಲಿ ಮಣ್ಣಿನಿಂದ ಮ್ಯಾಲೆ ಬರಬೇಕಾದ್ರ ಮಣ್ಣಿನ ಗೂಡಿನ ಹಾದಿ ಕಟಗೊಂಡ ಬರತಾವ. ಕಾಲಿನ ಕೆಳಗ 4 ಇಂಚು ಎತ್ತರದ ಕಲ್ಲಿನ ತುಂಡು ಇಟ್ರ ಆ ಹಾದಿ ಕಲ್ಲಿನ ಮ್ಯಾಲೆ ಕಣ್ಣಿಗೆ ಕಾಣತೈತಿ, ಕಸಬರಿಗೀಲೆ ಹೊಡದು ಹಾಕ್ರಿ. ಎಂಟು ದಿನಕ್ಕೊಮ್ಮೆ ಬಗ್ಗಿ ನೋಡಿದ್ರ ಸಾಕು. ಬೆಂಚ್ ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಒಂದು ಅಡಿ ದೂರ ಇರ್ಲಿ. ಗ್ವಾಡಿ ಮ್ಯಾಲಿಂದ ದಾಟಿ ಬಂದ್ರ ಕಲ್ಲಿಟ್ಟು ಏನ್ ಉಪಯೋಗ? ಗ್ವಾಡಿಗೇ ಔಷಧ ಬೇಕಂದ್ರ ಅದು ಬ್ಯಾರೆ ಕೆಲಸ, ಗೊತ್ತಿದ್ದವರ ಕಡೆ ಮಾಡಸ್ರಿ. ಬಾವಿ, ಬೋರ್, ಕಾಯಿಪಲ್ಲೆ ಮಡಿ ಸಮೀಪ ಇದ್ರ ಇನ್ನೂ ಹುಷಾರಿ.

ಕಲ್ಲಿನ ಲೆಕ್ಕ ಬೆಂಚ್ ಎತ್ತರಕ್ಕ ಸೇರತೈತಿ. ಮ್ಯಾಲೆ ಧಾರವಾಡದವರು ಹೇಳಿದ 43 ಸೆಂ.ಮೀ. ಕಲ್ಲು ಹಿಡದು. ಕಾಲು ಅಷ್ಟು ಗಿಡ್ಡ ಕೊಯ್ಯಾಕ ಮನಸ್ಸಿಲ್ಲಂದ್ರ ಎರಡು ಇಂಚಿನ ಕಲ್ಲು ಇಡ್ರಿ.

ನೇಗಿಲ_ಯೋಗ (ಕುಂದಗೋಳ)

ಇಷ್ಟೆಲ್ಲಾ ಯಾಕ್ರಿ? ಟ್ರ್ಯಾಕ್ಟರಿನ ಹಳೇ ಇಂಜಿನ್ ಆಯಿಲ್ ಎರಡು ಸಲ ಹಚ್ಚಿದ್ರ ವರಲಿನೂ ಇಲ್ಲ, ನೀರೂ ಇಲ್ಲ. ಹೊಲದ ಬೇಲಿ ಕಂಬಕ್ಕ ಎಲ್ಲಾರೂ ಅದನ್ನ ಹಚ್ಚತಾರ.

ಬಣ್ಣದ_ಡಬ್ಬಿ (ಗದಗ)

ಬೇಲಿ ಕಂಬದ ಮೇಲೆ ಯಾರೂ ಕೂಡುವುದಿಲ್ಲ. ಬಳಸಿದ ಇಂಜಿನ್ ಆಯಿಲ್ ಎಂದಿಗೂ ಒಣಗುವುದಿಲ್ಲ, ಬಿಸಿಲಿಗೆ ಒಸರಿ ಬಟ್ಟೆಗೂ ಚರ್ಮಕ್ಕೂ ಹತ್ತುತ್ತದೆ. ಇಂಜಿನ್ನಿನೊಳಗೆ ಸುಟ್ಟ ಎಣ್ಣೆಯಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥಗಳೂ ಲೋಹದ ಅಂಶವೂ ಇರುತ್ತವೆ, ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತವೆ. ಮಕ್ಕಳು ಕೂಡುವ ಜಾಗಕ್ಕೆ ಅದು ಬೇಡ. ಅದರ ಮೇಲೆ ಮುಂದೆ ಬೇರೆ ಯಾವ ಬಣ್ಣವೂ ಹಿಡಿಯುವುದಿಲ್ಲ.

ಇನ್ನು ಪಾಲಿಶ್. ಫ್ರೆಂಚ್ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ನೀರು ನಿಂತ ಕಡೆ ಬೆಳ್ಳಗಾಗುತ್ತದೆ, ಚಹಾದ ಬಿಸಿ ಕಪ್ಪಿಟ್ಟರೂ ಗುರುತು ಬೀಳುತ್ತದೆ. ಮೆಲಮೈನ್ ಗಟ್ಟಿ, ಆದರೆ ಬಾಗುವುದಿಲ್ಲ. ಕಟ್ಟಿಗೆ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಿದಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅಲ್ಲಿಂದ ನೀರು ಒಳಗೆ ಹೋಗಿ ಪದರದ ಕೆಳಗೇ ನಿಲ್ಲುತ್ತದೆ. ಎರಡೂ ಒಳಮನೆಯ ಕೆಲಸ. ಅಂಗಡಿಯವರಿಗೆ ಹೊರಗೆ ಇಡುತ್ತೇವೆ ಎಂದು ಬಿಡಿಸಿ ಹೇಳಿರಲಿಕ್ಕಿಲ್ಲ.

ನನ್ನ ಆಯ್ಕೆ ಎಣ್ಣೆ. ಎಣ್ಣೆ ಪದರವಾಗಿ ನಿಲ್ಲುವುದಿಲ್ಲ, ಹಾಗಾಗಿ ಸುಲಿಯುವುದೂ ಇಲ್ಲ. ಕಡಿಮೆಯಾದಾಗ ಮೇಲೆ ಮತ್ತೊಂದು ಕೈ ಹಚ್ಚಿದರಾಯಿತು. ಗಾಣದ ಅಗಸಿ ಎಣ್ಣೆ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಆದರೆ ಅಡುಗೆಯ ಹಸಿ ಎಣ್ಣೆ ಹಚ್ಚಬೇಡಿ. ವಾರಗಟ್ಟಲೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ, ಮಳೆಗಾಲದಲ್ಲಿ ಕಪ್ಪು ಬೂಷ್ಟು ಬರುತ್ತದೆ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ. ಅದರಲ್ಲಿ ಬೇಗ ಒಣಗುವ ಮದ್ದು ಸೇರಿರುತ್ತದೆ.

ಉಜ್ಜುವುದು: ಮೊದಲು 80 ನಂಬರ್ ಪಾಲಿಶ್ ಪೇಪರ್, ಆಮೇಲೆ 120, ಕೊನೆಗೆ 180. ಅಲ್ಲಿಗೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಮೊದಲ ಕೈ ಎಣ್ಣೆ ಮತ್ತು ಟರ್ಪೆಂಟೈನ್ ಸಮ ಪ್ರಮಾಣ, ಎರಡನೆಯದು ಎರಡು ಪಾಲು ಎಣ್ಣೆಗೆ ಒಂದು ಪಾಲು, ಮೂರನೆಯದು ಬರೀ ಎಣ್ಣೆ. ಪ್ರತಿ ಸಲ ಹಚ್ಚಿ 20 ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಪೂರಾ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟದ್ದೇ ಅಂಟಾಗುವುದು. ಒಂದು ಕೈಗೂ ಇನ್ನೊಂದಕ್ಕೂ ಒಂದೆರಡು ದಿನ ಅಂತರ. ಇಂಥ ಬೆಂಚಿಗೆ ಮೂರೂ ಕೈ ಸೇರಿ ಮುಕ್ಕಾಲು ಲೀಟರ್ ಎಣ್ಣೆ ಸಾಕು. ಪಟ್ಟಿಗಳನ್ನು ಕೂರಿಸುವ ಮೊದಲೇ ನಾಲ್ಕೂ ಬದಿಗೆ ಹಚ್ಚಿ. ಕೂರಿಸಿದ ಮೇಲೆ ಸಂದಿಯೊಳಗೆ ಬ್ರಶ್ ಹೋಗುವುದಿಲ್ಲ.

ಕೊಯ್ದ ತುದಿಗಳು ಮೈಗಿಂತ ಎಷ್ಟೋ ಪಾಲು ಹೆಚ್ಚು ನೀರು ಹೀರುತ್ತವೆ. ಕಾಲಿನ ತಳಕ್ಕೆ ಎಣ್ಣೆ ಬೇಡ, ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ಎರಡೂ ಟ್ಯೂಬು ಸಮ ಬೆರೆಸಿ ಎರಡು ಕೈ ಹಚ್ಚಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ನಮೂನೆ ನೀರಿಗೆ ಅಷ್ಟು ತಡೆಯುವುದಿಲ್ಲ. ಎಣ್ಣೆ ಮುಟ್ಟುವ ಮೊದಲೇ ಈ ಕೆಲಸ ಮುಗಿಸಬೇಕು, ಎಣ್ಣೆಯ ಮೇಲೆ ಅರಾಲ್ಡೈಟ್ ಹಿಡಿಯುವುದಿಲ್ಲ.

ಇದೊಂದನ್ನು ಮರೆಯಬೇಡಿ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ತಾನಾಗಿ ಬೆಂಕಿ ಹತ್ತುತ್ತದೆ. ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಇಲ್ಲವೇ ಬಯಲಲ್ಲಿ ಒಂದೊಂದನ್ನೇ ಹರಡಿ ಒಣಗಿಸಿ.

ಇನ್ನು ಏನೂ ಹಚ್ಚದೆ ಬಿಡುವುದೂ ಒಂದು ದಾರಿ. ಚೇಗು ಇರುವ ಸಾಗವಾನಿ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಗಟ್ಟಿತನಕ್ಕೆ ಏನೂ ಆಗುವುದಿಲ್ಲ. ಬೂದು ಬಣ್ಣ ಒಪ್ಪುವವರಿಗೆ ಇದರಷ್ಟು ನೆಮ್ಮದಿಯ ಕೆಲಸ ಬೇರೆ ಇಲ್ಲ.

ಹಸಿರು ಕುರ್ಚಿಗಳ ಬಗ್ಗೆ ಎಚ್ಚರ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ, ಸೀಸ ಇದೆ ಎಂದೇ ಹಿಡಿಯಬೇಕು. ಒಣ ಉಜ್ಜುವುದು, ಮಷಿನ್ ಹಚ್ಚುವುದು, ಸುಟ್ಟು ತೆಗೆಯುವುದು ಯಾವುದೂ ಬೇಡ. ಪೇಂಟ್ ರಿಮೂವರ್ ಹಚ್ಚಿ ಗುಳ್ಳೆ ಎದ್ದ ಮೇಲೆ ಕೆರೆದು, ಉಳಿದದ್ದಕ್ಕೆ ನೀರು ಪೇಪರ್ ಒದ್ದೆ ಮಾಡಿ ಉಜ್ಜಿ. ಬಯಲಲ್ಲಿ ಮಾಡಿ, ಕೈಗವಸು ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಕ್ಕಳು ಹತ್ತಿರ ಬೇಡ. ಕೆರೆದ ಬಣ್ಣ ಗಿಡದ ಬುಡಕ್ಕೆ ಹೋಗಬಾರದು.

ಉಳಿ_ಕೊಡತಿ (ಧಾರವಾಡ)

ಗದಗಿನವರ ಮಾತಿಗೆ ಒಂದು ತಕರಾರು. ಗದಗಿನ ಒಣ ಹವೆಗೆ ಎಣ್ಣೆ ಸರಿ. ಹುಬ್ಬಳ್ಳಿ–ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಬೇವಿನ ಗಿಡದ ಕೆಳಗೆ, ಎಣ್ಣೆ ಹಚ್ಚಿದ ಕಟ್ಟಿಗೆಗೂ ಬೂಷ್ಟಿನ ಕಪ್ಪು ಚುಕ್ಕಿ ಬಂದೇ ಬರುತ್ತದೆ. ಹೊರಗಿನ ಬಳಕೆಗೆಂದೇ ಬರುವ, ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್ ವಾರ್ನಿಶ್) ಇದಕ್ಕಿಂತ ಮೇಲು. ಬೆಂಚು ಪಡಸಾಲೆಯ ಅಂಚಿನಲ್ಲೋ ಶೀಟಿನ ಕೆಳಗೋ ಇದ್ದರೆ ನಾನು ಪಿಯುಗೇ ಕೈ ಎತ್ತುವೆ.

ಬಣ್ಣದ_ಡಬ್ಬಿ (ಗದಗ)

ಶೀಟಿನ ಕೆಳಗಾದರೆ ನಾನೂ ಒಪ್ಪುತ್ತೇನೆ. ಬಯಲಲ್ಲಿ ಇಡುವ ಬೆಂಚಿಗೆ ಪಿಯು ಸಹ ಒಂದು ದಿನ ಅಂಚಿನಿಂದ ಏಳುತ್ತದೆ, ಆಗ ಮೇಲೆ ಒಂದು ಕೈ ಹೊಡೆದು ಮುಗಿಯುವುದಿಲ್ಲ, ಪೂರಾ ಕೆರೆದು ತೆಗೆಯಬೇಕು. ಎಣ್ಣೆಯ ಕಪ್ಪು ಚುಕ್ಕಿ ಸೋಪಿನ ನೀರು, ನೈಲಾನ್ ಬ್ರಶ್ಶಿಗೆ ಹೋಗುತ್ತದೆ. ಕಬ್ಬಿಣದ ಮೊಳೆಯಿಂದ ಇಳಿದ ಕಪ್ಪು ಕಲೆ ಮಾತ್ರ ಹಾಗೆ ಹೋಗುವುದಿಲ್ಲ. ಅದಕ್ಕೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, 20 ನಿಮಿಷದ ಮೇಲೆ ಚೆನ್ನಾಗಿ ತೊಳೆಯಿರಿ. ಅದು ವಿಷ, ಕೈಗವಸು ಬೇಕು, ಒಣಗಿದ ಮೇಲೆ ಉಳಿದ ಬಿಳಿ ಪುಡಿಯನ್ನು ಉಜ್ಜಿ ಹಾರಿಸಬೇಡಿ.

ಮತ್ತೆ ಎಣ್ಣೆ ಹಚ್ಚುವ ಕಾಲ ಬಂತೋ ಎಂದು ತಿಳಿಯಲು ಪಟ್ಟಿಯ ಮೇಲೆ ನಾಲ್ಕು ಹನಿ ನೀರು ಹಾಕಿ. ಹನಿ ದುಂಡಗೆ ನಿಂತರೆ ಇನ್ನೂ ಇದೆ, ಹರಡಿ ಕಪ್ಪಾದರೆ ಹಚ್ಚಬೇಕು. ಬಯಲಿನ ಬೆಂಚಿಗೆ ವರ್ಷಕ್ಕೊಮ್ಮೆ, ಮಳೆಗಿಂತ ಮೊದಲು ಮೇ ತಿಂಗಳಲ್ಲಿ.

ಹಿತ್ತಲಬಾಗ್ಲ (ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ. ಬಿಳಿ ಕಟಗಿ ನೋಡಿದ್ವಿ, ಹಾಸಿನ ಹಲಗ್ಯಾಗ ಎರಡರ ಅಂಚಿಗೆ ಐತಿ, 65 ಎಂಎಂ ಕೊಯ್ದಾಗ ತಾನ ಹೋಗತೈತಿ. ಉಳಿದದ್ದು ಮೂರು ಪ್ರಶ್ನೆ: ಕಬ್ಬಿಣದ ಕಾಟು ಏನ್ ಮಾಡೂದು? ಕುರ್ಚಿ ಬೆತ್ತ ಮತ್ತ ಹೆಣಸಬೇಕೋ? ಟೇಬಲ್ ಹೊರಗ ಇಡಬಹುದೋ? ಗಾದಿ ಹಾಕಬೇಕಂತಾರ ಮನ್ಯಾಗ, ಅದಕ್ಕೂ ಹೇಳ್ರಿ.

ವೆಲ್ಡಿಂಗ್_ಕಿಡಿ (ಹಾವೇರಿ)

ಕಾಟಿನ ಪೈಪು ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಹೆಚ್ಚಾಗಿ ಕಾಲಿನ ಕೆಳಗಿನ ಒಂದು ಗೇಣು. ಠಣ್ ಅಂದರೆ ಸರಿ. ಬೊದ್ದು ಸದ್ದು ಬಂದರೆ, ತಗ್ಗು ಬಿದ್ದರೆ, ಒಳಗಿನಿಂದ ತಿಂದಿದೆ, ಅಷ್ಟು ಕೊಯ್ದು ಹೊಸ ಪೈಪು ಹಾಕಬೇಕು. ಪೈಪು ತುಕ್ಕು ತಿನ್ನುವುದು ಒಳಗಿನಿಂದಲೇ, ಹೊರಗೆ ಎಷ್ಟು ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ಕಾಲಿನ ತುದಿಯ ರಬ್ಬರ್ ಬೂಟಿನೊಳಗೆ ನೀರು ನಿಲ್ಲುತ್ತದೆ, ಪ್ರತಿ ಬೂಟಿಗೂ ತೂತು ಮಾಡಿ. ಅಡ್ಡ ಪೈಪುಗಳ ಅಡಿಯಲ್ಲಿ, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ, 6 ಮಿ.ಮೀ. ತೂತು ಒಂದೊಂದು.

ಬೆಂಚು ಮಾಡುವ ಸುಲಭ ಕ್ರಮ: ಕಾಟು ಎರಡೂವರೆ ಅಡಿ ಅಗಲವಿದೆ ಎಂದು ಹಿಡಿದರೆ ಅದನ್ನು ಉದ್ದಕ್ಕೆ ಕೊಯ್ಯಿರಿ, 45 ಸೆಂ.ಮೀ. ಕೂಡಲಿಕ್ಕೆ, ಉಳಿದ 30 ಸೆಂ.ಮೀ. ಬೆನ್ನಿಗೆ. ಆ 30ರ ತುಂಡಿನ ಉದ್ದ ಪೈಪು ಮೇಲೆ ಬರುವಂತೆ ನಿಲ್ಲಿಸಿ, ನೆಟ್ಟಗಿಂತ 10ರಿಂದ 12 ಡಿಗ್ರಿ ಹಿಂದೆ ವಾಲಿಸಿ ವೆಲ್ಡ್ ಮಾಡಿ. ಹೊಸದಾಗಿ ಬೇಕಾಗುವುದು ಕೂಡುವ ಭಾಗದ ಹಿಂದಿನ ಒಂದು ಉದ್ದ ಪೈಪು, ಎರಡು ಹಿಂದಿನ ಕಾಲು. ತೆಳು ಪೈಪಿಗೆ 2.5 ಮಿ.ಮೀ. ರಾಡು, 60ರಿಂದ 80 ಆಂಪಿಯರ್, ಒಮ್ಮೆಲೇ ಉದ್ದ ಎಳೆಯದೆ ಚುಕ್ಕಿ ಚುಕ್ಕಿ ಹಾಕಿ, ಇಲ್ಲದಿದ್ದರೆ ತೂತು ಬೀಳುತ್ತದೆ. ಬೆಸುಗೆ ಮೇಲಿನ ಬೂದಿಪದರ ಕುಟ್ಟಿ ತೆಗೆಯದೆ ಬಣ್ಣ ಹೊಡೆದರೆ ಎಲ್ಲಕ್ಕಿಂತ ಮೊದಲು ತುಕ್ಕು ಬರುವುದು ಅಲ್ಲೇ. ಹಳೇ ಪೈಪು ಜಿಐ (ಸತುವಿನ ಲೇಪ ಇರುವುದು) ಆಗಿದ್ದರೆ ಬೆಸುಗೆ ಜಾಗದ ಸತುವನ್ನು ಮೊದಲು ಗ್ರೈಂಡ್ ಮಾಡಿ, ಅದರ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ವೈರ್ ಬ್ರಶ್ ಹೊಡೆದ ದಿನವೇ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟರೆ ಇಬ್ಬನಿಗೆ ಕಣ್ಣಿಗೆ ಕಾಣದ ತುಕ್ಕು ಮತ್ತೆ ಕೂಡುತ್ತದೆ. ಜಿಂಕ್ ಫಾಸ್ಫೇಟ್ ಪ್ರೈಮರ್ ಒಂದು ಕೈ, ಬೆಸುಗೆ ಜಾಗಕ್ಕೆ ಎರಡು, ಮೇಲೆ ಸಿಂಥೆಟಿಕ್ ಎನಾಮಲ್ ಎರಡು ಕೈ. ಪ್ರೈಮರ್ ಅರ್ಧ ಲೀಟರ್, ಎನಾಮಲ್ ಒಂದು ಲೀಟರ್ ಸಾಕು. ಪೌಡರ್ ಕೋಟಿಂಗ್ ಬೇಕೆಂದರೆ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ವಿಚಾರಿಸಿ. ಮೊದಲು ಸ್ಯಾಂಡ್ ಬ್ಲಾಸ್ಟ್ ಮಾಡುತ್ತೀರಾ ಎಂದು ಕೇಳಿ, ಇಲ್ಲ ಅಂದರೆ ಬಿಟ್ಟುಬಿಡಿ. ಭಟ್ಟಿಯ ಬಿಸಿ ಸುಮಾರು 200 ಡಿಗ್ರಿ ಇರುವುದರಿಂದ ಮೊದಲು ತುಂಬಿದ ಪುಟ್ಟಿ ಉದುರುತ್ತದೆ.

ಕಬ್ಬಿಣದ ಪಟ್ಟಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಕೂಡಲು ಆಗುವುದಿಲ್ಲ. ಮಂಚದಲ್ಲಿ ಮಿಕ್ಕ ಎರಡು ಹಲಗೆ, ಇನ್ನೂ ನಾಲ್ಕು ಹೊಂದಿಸಿ ಮೇಲೆ ಕೂರಿಸಿ. ಆರಡಿ ಉದ್ದಕ್ಕೆ ನಾಲ್ಕಡಿ ಹಲಗೆ ಸಾಲುವುದಿಲ್ಲವಾದ್ದರಿಂದ ಅಡ್ಡ ಹಾಕಿ, ಉದ್ದ ಅಲ್ಲ. 45 ಸೆಂ.ಮೀ. ತುಂಡು ಮಾಡಿದರೆ ಒಂದು ಹಲಗೆಗೆ ಎರಡು ಬರುತ್ತವೆ, ಅಗಲವಾದವನ್ನು ಉದ್ದುದ್ದ ಸೀಳಿದರೆ ನಾಲ್ಕು. 6 x 50 ಸ್ಟೇನ್‌ಲೆಸ್ ಬೋಲ್ಟು, ಕಟ್ಟಿಗೆಗೂ ಕಬ್ಬಿಣಕ್ಕೂ ನಡುವೆ ರಬ್ಬರ್ ವಾಷರ್. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿದರೂ ನಡೆಯುತ್ತದೆ.

ಉಳಿ_ಕೊಡತಿ (ಧಾರವಾಡ)

ಕುರ್ಚಿ: ನಿಜ ಬೆತ್ತ ಹೊರಗೆ ಬೇಡ, ನೆನೆದರೆ ಜೋಲುತ್ತದೆ, ಒಣಗಿದರೆ ಕಡಿಯುತ್ತದೆ. ಪ್ಲಾಸ್ಟಿಕ್ ಬೆತ್ತ ಹೆಣೆಸಬಹುದು, ಬಿಸಿಲಿಗೆ ತಾಳುವುದನ್ನೇ ಕೇಳಿ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗಿ ಬಟ್ಟೆಗೆ ಹತ್ತುತ್ತದೆ. ಅದಕ್ಕಿಂತ ಬೆತ್ತದ ತೂತುಗಳನ್ನು ಅರಾಲ್ಡೈಟಿನಿಂದ ಮುಚ್ಚಿ ಮೇಲೆ ಐದು ಪಟ್ಟಿ ಕೂರಿಸುವುದು ಸುಲಭ. ಆ ತೂತುಗಳು ಮುಚ್ಚದೆ ಉಳಿದರೆ ಚೌಕಟ್ಟಿನೊಳಕ್ಕೆ ನೀರು ಇಳಿಯಲು ನೂರು ಬಾಗಿಲು. ಕಟ್ಟಿಗೆ ಯಾವುದೆಂದು ಬಣ್ಣ ತೆಗೆದ ಮೇಲೆ ನೋಡಿ. ಸಾಗವಾನಿ, ಮತ್ತಿ, ಬೀಟೆ ಅಲ್ಲದಿದ್ದರೆ ಪಡಸಾಲೆಗಷ್ಟೇ ಇಡಿ.

ಟೇಬಲ್ಲಿನ ಮೇಲ್ಹಲಗೆ ಹೊರಗೆ ಒಂದು ಮಳೆಗಾಲ ದಾಟುವುದಿಲ್ಲ. ಸನ್‌ಮೈಕಾ ನೀರು ತಡೆಯುತ್ತದೆ, ಅಂಚು ತಡೆಯುವುದಿಲ್ಲ. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಉಬ್ಬಿ ಉದುರುತ್ತದೆ, ಸಾದಾ ಪ್ಲೈ ಆಗಿದ್ದರೆ ಪದರ ಬಿಚ್ಚುತ್ತದೆ. ಅದನ್ನು ಬಿಚ್ಚಿ ಕಬ್ಬಿಣದ ಕಾಲಿನ ಮೇಲೆ 20 ಮಿ.ಮೀ. ಕಡಪ ಕಲ್ಲು ಹಾಕಿಸಿ. ಒಂದು ಚದರ ಮೀಟರಿಗೆ 50 ಕೆ.ಜಿ.ಗಿಂತ ಹೆಚ್ಚು ಭಾರ ಬರುತ್ತದೆ, ಹಾಗಾಗಿ ಕಾಲು ಅಲ್ಲಾಡುತ್ತಿದ್ದರೆ ಮೊದಲು ಮೂಲೆಗಳಿಗೆ ತಟ್ಟೆ ಬೆಸುಗೆ ಹಾಕಿಸಿ.

ಗಾದಿ ಹೊರಗೆ ಬಿಡುವ ಸಾಮಾನು ಅಲ್ಲ. ರೆಕ್ಸಿನ್ ಹೊಲಿಗೆಯ ತೂತಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ಸ್ಪಂಜು ಕೊಳೆತು ನಾರುತ್ತದೆ, ಅದರ ಕೆಳಗಿನ ಕಟ್ಟಿಗೆಯೂ ಒಣಗುವುದಿಲ್ಲ. ಕೂಡುವಾಗ ಒಂದು ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿ, ಏಳುವಾಗ ಒಳಗೆ ಒಯ್ಯಿರಿ. ಧಾರವಾಡದಲ್ಲಾದರೆ ಮಂಗ್ಯಾ ಒಯ್ಯುವುದಕ್ಕಿಂತ ಮೊದಲು.

ಹಿತ್ತಲಬಾಗ್ಲ (ಹುಬ್ಬಳ್ಳಿ)

ಕಡೀ ಪ್ರಶ್ನೆ. ಆರಿದ್ರಾ ಮಳಿ ಸುರು ಆಗೇತಿ. ಈಗ ಕೆಲಸ ಹಿಡೀಬಹುದೋ, ದೀಪಾವಳಿ ತನಕ ನಿಲ್ಲಬೇಕೋ?

ಗರಸು_ಖಡಿ (ನವಲಗುಂದ ರಸ್ತೆ)

ನೆಲದ ಕೆಲಸ ಈಗ ಬ್ಯಾಡ. ಹಸಿ ಎರಿ ಮಣ್ಣಿನಾಗ ಗರಸು ಹೊಡದ್ರ ಕೆಳಗ ಇಳದು ಕೆಸರಿನ ಜೋಡಿ ಕಲಿತೈತಿ. ಮೇದಾಗ ಬಿರಿ ಬಿಟ್ಟಾಗೂ ಬ್ಯಾಡ, ಆವಾಗ ಮಣ್ಣು ಪೂರಾ ಕುಗ್ಗಿರತೈತಿ, ಮುಂದ ಮಳಿ ಬಂದು ಉಬ್ಬಿದ್ರ ಫರಸಿ ಎತ್ತಿ ಹಾಕತೈತಿ. ಹಿಂಗಾರಿ ಮಳಿ ನಿಂತ ಮ್ಯಾಲೆ, ಸನಿಕಿಗೆ ಮಣ್ಣು ಅಂಟದ ಹೆಂಟಿ ಆಗಿ ಏಳೂ ಹದಕ್ಕ ಬಂದಾಗ ಅಗೀರಿ. ನವೆಂಬರ್ ಕಡೀಕ, ಡಿಸೆಂಬರ್.

ಉಳಿ_ಕೊಡತಿ (ಧಾರವಾಡ)

ಕಟ್ಟಿಗೆ ಕೆಲಸ ಈಗಲೇ ಹಿಡಿಯಿರಿ, ಒಳಗೆ. ಬಿಚ್ಚುವುದು, ಸರೇಸು ಕೆರೆಯುವುದು, ಕೊಯ್ಯುವುದು, ಬೋಲ್ಟಿನ ತೂತು ಎಲ್ಲ ಆಗುತ್ತದೆ. ಅಂಟು ತಂಪು ಹವೆಗೆ ನಿಧಾನ, ಶಿಕಂಜಿಯನ್ನು (ಒತ್ತಿ ಹಿಡಿಯುವ ಕ್ಲ್ಯಾಂಪ್) ರಾತ್ರಿಯಷ್ಟೇ ಅಲ್ಲ, ಪೂರಾ 24 ತಾಸು ಬಿಡಿ. ಪಟ್ಟಿ ಸಂದು ಈಗ ಹೊಂದಿಸುವುದಾದರೆ 8ರ ಬದಲು 6 ಮಿ.ಮೀ. ಇಟ್ಟರೂ ನಡೆದೀತು, ಕಟ್ಟಿಗೆ ಈಗ ಹಿಗ್ಗಿದೆ, ಬೇಸಿಗೆಗೆ ಸಂದು ತಾನಾಗಿ ಅಗಲವಾಗುತ್ತದೆ. ಎಣ್ಣೆ ಮಾತ್ರ ಮಳೆ ಮುಗಿದು ಹದಿನೈದು ದಿನ ಬಿಸಿಲು ಕಂಡ ಮೇಲೆ.